ಆಂಬುಲೆನ್ಸ್ ಬರ್ತಾ ಇದೆ ಅಂದರು

ಆಂಬುಲೆನ್ಸ್ ಕಂಟ್ರೋಲ್ ರೂಮಿನ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಎಂದೇ ಕರೆಯುತ್ತಿದ್ದರು. ಅವರ ದನಿ ಕೇಳಿದರೆ ಡ್ರೈವರುಗಳು ಅರ್ಧ ಕುಡಿದ ಟೀ ಬಿಟ್ಟು ಏಳುತ್ತಿದ್ದರು. “ಸೈರನ್ ಕೆಟ್ಟರೆ ದೊಡ್ಡಮ್ಮನನ್ನೇ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದರಾಯ್ತು” ಎಂದು ತಮ್ಮ ತಮ್ಮಲ್ಲೇ ನಗುತ್ತಿದ್ದರು. ದೊಡ್ಡಮ್ಮನ ಸೊಸೆ ಅದೇ ಕಚೇರಿಯಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವಳು. ಅಡುಗೆಮನೆಯಲ್ಲಿ ಅತ್ತೆ ಸೊಸೆಗೆ ಎಂದೂ ಜಟಾಪಟಿಯಿರಲಿಲ್ಲ. ಇದ್ದದ್ದೆಲ್ಲ ಅಪ್‌ಡೇಟಿನ ಜಗಳ.

ಒಂದು ಬೆಳಿಗ್ಗೆ ಬೀನ್ಸ್ ಹೆಚ್ಚುತ್ತ ಸೊಸೆ ಮಾತು ತೆಗೆದಳು.

“ಅತ್ತೆ, ಇವತ್ತು ಸ್ವಲ್ಪ ಹೊತ್ತು ಸಿಸ್ಟಮ್ ನಿಲ್ಲಿಸಬೇಕು. ಅಪ್‌ಡೇಟ್ ಹಾಕಬೇಕು.”

“ಮತ್ತೆ? ಹೋದ ವಾರ ತಾನೆ ಹಾಕಿದ್ಯಲ್ಲೇ!”

“ಅದು ಬೇರೆ ತೂತು. ಅದನ್ನ ಮುಚ್ಚಿದ ಮೇಲೆ ಪಕ್ಕದಲ್ಲೇ ಇನ್ನೊಂದು ಸಿಕ್ಕಿದೆ.”

“ಅದೇನು ಸಾಫ್ಟ್‌ವೇರೋ, ಜರಡಿಯೋ?”

ಪೇಪರಿನ ಹಿಂದೆ ಮಾವ ಕಿಸಕ್ಕನೆ ನಕ್ಕರು. ಸೊಸೆ ನಗಲಿಲ್ಲ. ಚಾಕು ಕೆಳಗಿಟ್ಟಳು.

“ಕೇಳಿ ಅತ್ತೆ. ಸಿಸ್ಟಮ್‌ನಲ್ಲಿ ನಡೆಯೋದನ್ನೆಲ್ಲ ಬರೆದಿಡೋಕೆ ಅಂತ್ಲೇ ಒಂದು ಪುಟ್ಟ ಭಾಗ ಇದೆ. ಯಾವ ಕರೆ ಬಂತು, ಯಾವ ಗಾಡಿ ಹೋಯ್ತು, ಎಲ್ಲಿ ತಪ್ಪಾಯ್ತು, ಎಲ್ಲಾ ಬರೆಯುತ್ತೆ. ಅದಕ್ಕೆ ಲಾಗ್ ಅಂತಾರೆ. ಆ ಭಾಗ ನಾವು ಮಾಡಿದ್ದಲ್ಲ, ಸಿದ್ಧವಾಗಿ ಸಿಗೋದು. ಒಂದೇ ಥರದ ಬೋಲ್ಟು ಎಷ್ಟೋ ಗಾಡಿಗಳಲ್ಲಿ ಇರುತ್ತಲ್ಲ, ಹಾಗೆ ಎಲ್ಲಾ ಕಡೆ ಇದನ್ನೇ ಹಾಕಿದಾರೆ.”

“ಸರಿ, ಅದಕ್ಕೇನೀಗ?”

“ಯಾರಾದ್ರೂ ಒಂದು ವಕ್ರವಾದ ಸಾಲು ಬರೆದು ಕಳಿಸಿದ್ರೆ, ಅದು ಬರೆಯೋದು ಬಿಟ್ಟು ಅರ್ಥ ಹುಡುಕೋಕೆ ಹೋಗುತ್ತೆ. ಸಾಲನ್ನ ಬಿಚ್ಚಿದ್ರೆ ಒಳಗೆ ಅದೇ ಸಾಲು. ಮತ್ತೆ ಬಿಚ್ಚಿದ್ರೆ ಮತ್ತೆ ಅದೇ. ಸುತ್ತಿ ಸುತ್ತಿ, ಬೇರೆ ಕೆಲಸಕ್ಕೆ ಪುರುಸೊತ್ತೇ ಇಲ್ಲದೆ ಇಡೀ ಸಿಸ್ಟಮ್ ಬಿದ್ದುಹೋಗುತ್ತೆ. ನಮ್ಮ ಆ್ಯಪ್‌ನಲ್ಲಿ ವಿಳಾಸ ಬರೆಯೋ ಜಾಗ ಇದೆಯಲ್ಲ, ಅಲ್ಲಿ ಯಾರು ಬೇಕಾದ್ರೂ ಏನು ಬೇಕಾದ್ರೂ ಬರೀಬಹುದು.”

“ಕಳ್ಳತನ ಆಗುತ್ತಾ? ರೋಗಿಗಳ ವಿವರ ಯಾರ ಕೈಗಾದ್ರೂ ಸಿಗುತ್ತಾ?”

“ಇಲ್ಲ. ಸಿಸ್ಟಮ್ ನಿಂತುಹೋಗುತ್ತೆ.”

“ನಿಲ್ಲೋ ಕಾಯಿಲೆಗೆ ನಿಲ್ಲಿಸೋದೇ ಔಷಧವಾ? ಹೋದ ಸಲ ನೀನು ನಿಲ್ಲಿಸಿದಾಗ ಡ್ರೈವರ್‌ಗಳೆಲ್ಲ ನನ್ನ ತಲೆ ತಿಂದರು. ಚೆನ್ನಾಗಿ ನಡೀತಿರೋದನ್ನ ಕೆಣಕಬೇಡ. ಮುಂದಿನ ತಿಂಗಳು ನೋಡೋಣ.”

“ಹಳೇ ವೈರ್‌ಲೆಸ್ ಸೆಟ್ಟುಗಳನ್ನಾದ್ರೂ ಚಾರ್ಜ್ ಮಾಡಿಸಿಡೋಣ ಅತ್ತೆ.”

“ಅವು ಗುಜರಿಗೆ ಹಾಕೋ ಸಾಮಾನು ಕಣೇ.”

ದೊಡ್ಡಮ್ಮನ ಒಪ್ಪಿಗೆಯಿಲ್ಲದೆ ವ್ಯವಸ್ಥೆ ನಿಲ್ಲಿಸುವ ಹಾಗಿರಲಿಲ್ಲ. ಸೊಸೆ ಮತ್ತೆ ಚಾಕು ಕೈಗೆತ್ತಿಕೊಂಡಳು.

ಆ ವಾರ ಕಳೆಯುವುದರೊಳಗೆ, ಒಂದು ಮಟಮಟ ಮಧ್ಯಾಹ್ನ, ಕಂಟ್ರೋಲ್ ರೂಮಿನ ಮೂಲೆಯಿಂದ ಒಬ್ಬಳು ಕೂಗಿದಳು. “ದೊಡ್ಡಮ್ಮ, ನನ್ನ ಸ್ಕ್ರೀನ್ ಅಲ್ಲಾಡ್ತಿಲ್ಲ.”

“ನಂದೂ,” ಎಂದ ಪಕ್ಕದವನು.

ನೋಡನೋಡುತ್ತಿದ್ದಂತೆ ಎಲ್ಲ ಪರದೆಗಳೂ ಕಲ್ಲಾದವು. ನಕ್ಷೆಯ ಮೇಲೆ ಹಸಿರು ಚುಕ್ಕೆಗಳಂತೆ ಓಡಾಡುತ್ತಿದ್ದ ಗಾಡಿಗಳು ಇದ್ದಲ್ಲೇ ನಿಂತವು. ಸೊಸೆ ಒಳಗಿನ ಕೋಣೆಗೆ ಓಡಿ ವ್ಯವಸ್ಥೆಯನ್ನು ಮತ್ತೆ ಚಾಲೂ ಮಾಡಿದಳು. ಎದ್ದಿತು. ಎದ್ದ ಹಾಗೇ ಮಕಾಡೆ ಬಿತ್ತು.

“ಅದೇ ಸಾಲು ಅತ್ತೆ! ಯಾರೋ ಬಿಡದೆ ಕಳಿಸ್ತಿದಾರೆ. ಎಬ್ಬಿಸಿದಷ್ಟು ಸಲ ಬೀಳ್ತಿದೆ!”

ಫೋನುಗಳು ಮಾತ್ರ ನಿಲ್ಲಲಿಲ್ಲ. ಕರೆ ತೆಗೆದುಕೊಳ್ಳುವವರು, ಇನ್ನೇನು ಸರಿಹೋದೀತು ಎಂದುಕೊಂಡು, ವಿಳಾಸ ಕೇಳಿ ಟೈಪ್ ಮಾಡುತ್ತಲೇ ಇದ್ದರು. ಬಾಯಿಗೆ ರೂಢಿಯಾದ ಮಾತನ್ನು ಹೇಳುತ್ತಲೂ ಇದ್ದರು: “ಗಾಬರಿಯಾಗಬೇಡಿ, ಆಂಬುಲೆನ್ಸ್ ಬರ್ತಾ ಇದೆ.” ಆದರೆ ಟೈಪ್ ಮಾಡಿದ ವಿಳಾಸ ಯಾವ ಗಾಡಿಗೂ ಮುಟ್ಟುತ್ತಿರಲಿಲ್ಲ. ಡ್ರೈವರುಗಳು ತಮ್ಮ ತಮ್ಮ ನಿಲ್ದಾಣದಲ್ಲಿ ಗಾಡಿಗೆ ಒರಗಿಕೊಂಡು, ಇವತ್ತು ಪರವಾಗಿಲ್ಲ, ಕರೆಯೇ ಇಲ್ಲ ಎಂದುಕೊಂಡಿದ್ದರು.

“ಡ್ರೈವರ್‌ಗಳ ನಂಬರ್ ತೆಗೀರಿ!” ಎಂದು ದೊಡ್ಡಮ್ಮ ಅರಚಿದರು.

“ಎಲ್ಲಾ ಸಿಸ್ಟಮ್‌ನಲ್ಲೇ ಇದೆ ದೊಡ್ಡಮ್ಮ.”

ವೈರ್‌ಲೆಸ್ ಸೆಟ್ಟುಗಳಿಗೆ ಜೀವವಿರಲಿಲ್ಲ. ತಮ್ಮ ಮೊಬೈಲಿನಲ್ಲಿ ನಂಬರಿದ್ದ ಕೆಲವೇ ಡ್ರೈವರುಗಳನ್ನು ಹಿಡಿದು, ದೊಡ್ಡಮ್ಮ ಒಂದೊಂದೇ ವಿಳಾಸ ಕೂಗಿ ಹೇಳಿದರು. ಗಂಟಲು ಕಟ್ಟಿತು. ಸೊಸೆ ಕೊನೆಗೆ ಆ್ಯಪಿನ ದಾರಿಯನ್ನೇ ಮುಚ್ಚಿ, ಅಪ್‌ಡೇಟ್ ಹಾಕಿ, ವ್ಯವಸ್ಥೆಯನ್ನು ಮತ್ತೆ ಎಬ್ಬಿಸುವ ಹೊತ್ತಿಗೆ ಬಿಸಿಲು ಇಳಿದಿತ್ತು. ಈ ಸಲ ಅದು ಬೀಳಲಿಲ್ಲ.

ಇಬ್ಬರೂ ಮನೆಗೆ ಬಂದಾಗ ಎದುರುಮನೆ ಟೈಲರನ ಬಾಗಿಲ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಒಳಗೆ ಹೊಲಿಗೆ ಮಿಷಿನ್ನಿನ ಸೂಜಿಯ ಕೆಳಗೆ ಅರ್ಧ ಹೊಲಿದ ತೋಳು ಹಾಗೇ ಇತ್ತು. ಟೈಲರನನ್ನು ನೆಲದ ಮೇಲೆ ಮಲಗಿಸಿದ್ದರು. ಅವನ ಹೆಂಡತಿ ತಲೆಯೆತ್ತಿ ನೋಡಿದಳು.

“ಇವರು ಎದೆ ಹಿಡ್ಕೊಂಡಿದೆ ಅಂದ್ರು ಅಕ್ಕ. ನಿಮ್ಮ ಆಫೀಸಿಗೇ ಫೋನ್ ಮಾಡ್ದೆ. ಬರ್ತಾ ಇದೆ ಅಂದ್ರು. ಪಕ್ಕದ ಮನೆಯವರು ಕಾರು ತೆಗೆದು ಬಾಗಿಲಿಗೇ ತಂದಿದ್ರು, ಹತ್ತಿ ಹೋಗೋಣ ಅಂತ. ನಾನೇ ಬೇಡ ಅಂದೆ. ಆಂಬುಲೆನ್ಸ್‌ನಲ್ಲಿ ಆಕ್ಸಿಜನ್ ಇರುತ್ತೆ, ದಾರೀಲೇ ನೋಡ್ಕೋತಾರೆ, ಇನ್ನೇನು ಬಂದ್ಬಿಡುತ್ತೆ ಅಂತ ಕಾದ್ವಿ. ಎಲ್ಲಿಗೆ ಹೋಯ್ತು ಅಕ್ಕ ಆ ಗಾಡಿ?”

ದೊಡ್ಡಮ್ಮ ಅವಳ ಪಕ್ಕ ನೆಲದ ಮೇಲೆ ಕೂತರು.

“ಹೊರಡಲೇ ಇಲ್ಲಮ್ಮ. ನಿನ್ನ ವಿಳಾಸ ಡ್ರೈವರ್‌ಗೆ ಮುಟ್ಟಲಿಲ್ಲ. ಸಿಸ್ಟಮ್ ಕೆಟ್ಟುಹೋಗುತ್ತೆ, ಮೊದಲೇ ಸರಿಮಾಡ್ತೀನಿ ಅಂತ ಇವಳು ಕೇಳಿದ್ಲು. ನಾನು ಬೇಡ ಅಂದೆ.”

ಟೈಲರನ ಹೆಂಡತಿ ಬೈಯಲಿಲ್ಲ. ಗಂಡನ ಕಡೆ ತಿರುಗಿ ಅವನ ಅಂಗಿಯ ಗುಂಡಿ ಹಾಕತೊಡಗಿದಳು. ಅವತ್ತಿನಿಂದ ಅವಳು ದೊಡ್ಡಮ್ಮನನ್ನು ಅಕ್ಕ ಎಂದು ಕರೆದಿಲ್ಲ.

ಮನೆಯಲ್ಲಿ ಯಾರಿಗೂ ಅನ್ನ ಸೇರಲಿಲ್ಲ. ಸೊಸೆ ಅತ್ತೆಯ ಪಕ್ಕ ಬಂದು ಕೂತಳು.

“ಆ ಸಾಲು ಕಳಿಸಿದ ಪಾಪಿ ಯಾರೋ ಅತ್ತೆ. ತಪ್ಪು ಅವನದು.”

“ಅವನದು ಅವನಿಗೆ. ಬಾಗಿಲು ತೆರೆದಿಟ್ಟವಳು ನಾನು. ಈಗ ಏನೇನು ಮಾಡಬೇಕು ಹೇಳು. ನಾನು ಎದುರು ಮಾತಾಡಲ್ಲ.”

ಸೊಸೆ ಹೇಳಿದಳು. ಸೇವೆ ನಿಲ್ಲದಂತೆ ಇನ್ನೊಂದು ಯಂತ್ರದ ಮೇಲೆ ಕೆಲಸ ನಡೆಸಿಕೊಂಡು ಅಪ್‌ಡೇಟ್ ಹಾಕಬಹುದು. ಅದಕ್ಕೆ ಬೇಕಾದ ಯಂತ್ರವನ್ನು ದೊಡ್ಡಮ್ಮ ಮೇಲಿನವರ ಬೆನ್ನು ಬಿಡದೆ ತರಿಸಿದರು. ವೈರ್‌ಲೆಸ್ ಸೆಟ್ಟುಗಳಿಗೆ ಹೊಸ ಬ್ಯಾಟರಿ ಬಂತು. ಡ್ರೈವರುಗಳ ನಂಬರು ಗೋಡೆಗೇರಿತು. ಆಗಾಗ ಪರದೆಗಳನ್ನೆಲ್ಲ ಬೇಕೆಂದೇ ಆರಿಸಿ, ಬರಿಗೈಯಲ್ಲಿ ಕೆಲಸ ನಡೆಸುವ ಅಭ್ಯಾಸವೂ ಶುರುವಾಯಿತು. ಡ್ರೈವರ್ ‘ಹೊರಟೆ’ ಎನ್ನುವವರೆಗೆ ಕರೆ ಮಾಡಿದವರಿಗೆ ‘ಬರ್ತಾ ಇದೆ’ ಎನ್ನಬಾರದು ಎಂದು ದೊಡ್ಡಮ್ಮ ಕಟ್ಟಪ್ಪಣೆ ಮಾಡಿದರು. ಮಾವ ಕೂಡ ಈಗ ಸುಮ್ಮನೆ ಕೂರುವುದಿಲ್ಲ. ತಾವು ಹೋಗುವ ಕಣ್ಣಿನ ಆಸ್ಪತ್ರೆಯಲ್ಲಿ “ನಿಮ್ಮ ಸಿಸ್ಟಮ್‌ಗೆ ಅಪ್‌ಡೇಟ್ ಹಾಕಿದೀರಾ?” ಎಂದು ಕೇಳಿ, ಚೀಟಿ ಕೊಡುವವಳ ಕಣ್ಣಿಗೆ ವಿಚಿತ್ರ ಮುದುಕರಾಗಿದ್ದಾರೆ.

ಇಷ್ಟೆಲ್ಲ ಮಾಡಿದರೂ ಎದುರುಮನೆಯ ಹೊಲಿಗೆ ಮಿಷಿನ್ ಮತ್ತೆ ಓಡಲಿಲ್ಲ.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಆಸ್ಪತ್ರೆ, ಶಾಲೆ, ಸಂಘ, ನೀರಿನ ಕಚೇರಿ ಎಲ್ಲವೂ ಇವತ್ತು ಕಂಪ್ಯೂಟರಿನ ಮೇಲೆ ನಿಂತಿವೆ. ಆ ಕಂಪ್ಯೂಟರುಗಳ ಒಳಗೆ ಯಾರೋ ಮಾಡಿಟ್ಟ ಸಣ್ಣ ಸಣ್ಣ ಭಾಗಗಳಿವೆ. ಅವುಗಳಲ್ಲಿ ತೂತು ಕಂಡಾಗ ಸರಿಪಡಿಸಿದವರು ಸುದ್ದಿ ಕೊಡುತ್ತಾರೆ. ಆ ಸುದ್ದಿ ಬಂದ ದಿನವೇ ಅಪ್‌ಡೇಟ್ ಹಾಕಿಸಿ. ಹೋದ ವಾರ ಹಾಕಿದ್ದರೂ ಸರಿ, ಮತ್ತೆ ಬಂದರೆ ಮತ್ತೆ ಹಾಕಿಸಿ. ಕಂಪ್ಯೂಟರ್ ಕೈಕೊಟ್ಟರೆ ಕೆಲಸ ನಡೆಸುವುದು ಹೇಗೆ ಎಂದು ಇವತ್ತೇ ಗೊತ್ತುಮಾಡಿಕೊಳ್ಳಿ. ನಿಮ್ಮ ಕಚೇರಿಯಲ್ಲಿ ಇದನ್ನೆಲ್ಲ ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿ. ‘ಗೊತ್ತಿಲ್ಲ’ ಎಂಬ ಉತ್ತರ ಬಂದರೆ, ಅಲ್ಲೇ ಒಂದು ಕುರ್ಚಿ ಎಳೆದುಕೊಂಡು, ಗೊತ್ತಾಗುವವರೆಗೂ ಕೂತುಬಿಡಿ.