ಬಾಲ ಬಿಚ್ಚಿದ ನಕ್ಷತ್ರ

ಕನ್ನಡಕದ ಅಂಗಡಿಯವನಿಗೆ ಬೀದಿಯವರು ಇಟ್ಟ ಹೆಸರು ಗ್ರಹಚಾರ. ಸಂಜೆಯಾದರೆ ಮಹಡಿ ಹತ್ತಿ, ದೂರದರ್ಶಕಕ್ಕೆ ಕಣ್ಣಿಟ್ಟು ಗ್ರಹಗಳ ಕ್ಷೇಮಸಮಾಚಾರ ವಿಚಾರಿಸುವವನಿಗೆ ಇನ್ನೇನು ಹೆಸರಿಟ್ಟಾರು? ಅವನಿಗೂ ಬೇಜಾರಿರಲಿಲ್ಲ. ಫೋನು ಬಂದರೆ ತಾನೇ "ಹೇಳಿ, ನಿಮ್ಮ ಗ್ರಹಚಾರ ಮಾತಾಡ್ತಿರೋದು" ಎನ್ನುತ್ತಿದ್ದ.

ಒಳಗೊಳಗೇ ಮಾತ್ರ ಒಂದು ಆಸೆ ಅವನನ್ನು ಕೊರೆಯುತ್ತಿತ್ತು. ಯಾರೂ ಕಾಣದ ಧೂಮಕೇತುವೊಂದನ್ನು ತಾನು ಮೊದಲು ಕಾಣಬೇಕು. ಮೊದಲು ಕಂಡವರ ಹೆಸರನ್ನೇ ಅದಕ್ಕೆ ಇಡುತ್ತಾರೆ. ಜೀವಮಾನವಿಡೀ ಕಂಡವರ ಮೂಗಿನ ಮೇಲೆ ಗಾಜು ಕೂರಿಸಿದವನು ಒಮ್ಮೆಯಾದರೂ ಆಕಾಶದಲ್ಲಿ ತನ್ನ ಹೆಸರು ಕೂರಿಸಿ ಬೀದಿಯವರ ಬಾಯಿ ಮುಚ್ಚಿಸಬೇಡವೇ? ಅದುವರೆಗೆ ಅವನು ಕಂಡುಹಿಡಿದದ್ದೆಂದರೆ ಒಂದಷ್ಟು ವಿಮಾನಗಳು, ಮತ್ತೆ ಎದುರು ಮಹಡಿಯಲ್ಲಿ ಕದ್ದು ಸಿಗರೇಟು ಸೇದುವ ಬ್ಯಾಂಕ್ ಮ್ಯಾನೇಜರು.

ಮಳೆಗಾಲದ ಮೋಡ ಸರಿದು ತಿಂಗಳುಗಳ ಮೇಲೆ ಆಕಾಶ ತೆರೆದ ಆ ಸಂಜೆ, ಬೆಳಕು ಪೂರ್ತಿ ಆರುವ ಮೊದಲೇ ಪಶ್ಚಿಮದ ಅಂಚಿನಲ್ಲಿ ಅದು ಕಂಡಿತು. ಒಂದು ಚುಕ್ಕೆ, ಅದರ ಮಗ್ಗುಲಿಗೆ ನಸುಬೆಳ್ಳಗೆ ಬಾಲ. ನಕ್ಷೆ ತೆಗೆದು ನೋಡಿದ. ಆ ಜಾಗದಲ್ಲಿ ಇರಬೇಕಾದದ್ದು ಒಂದು ಬಡಪಾಯಿ ನಕ್ಷತ್ರ, ಬಾಲಗೀಲ ಏನೂ ಇಲ್ಲ. ಅಂದಮೇಲೆ ಅದರ ಮುಂದೆ ಧೂಮಕೇತು ಬಂದು ಕೂತಿರಲೇಬೇಕು. ಉಳಿದ ನಕ್ಷತ್ರಗಳು ಮೂಡುವ ತನಕ ಕಾಯುವ ವ್ಯವಧಾನ ಯಾರಿಗಿದೆ? ದಡದಡನೆ ಮೆಟ್ಟಿಲಿಳಿದು ಬಂದ.

"ಸಿಕ್ತು ಕಣೇ," ಎಂದ ಹೆಂಡತಿಗೆ. ಅವಳು ಬಟ್ಟೆ ಮಡಚುತ್ತಿದ್ದಳು.

"ಏನು, ಅಂಗಡಿ ಬೀಗದ ಕೈನಾ?"

"ಧೂಮಕೇತು. ಬಾಲ ಬಿಚ್ಕೊಂಡು ಕೂತಿದೆ."

"ಈ ಮನೇಲಿ ಬಾಲ ಬಿಚ್ಚೋರಿಗೆ ಕಡಿಮೆ ಇತ್ತಾ," ಎಂದಳಾದರೂ ಮಡಚುತ್ತಿದ್ದ ಅಂಗಿಯನ್ನು ಪಕ್ಕಕ್ಕಿಟ್ಟಳು. ಅವನ ಮುಖ ಅಷ್ಟು ಅರಳಿದ್ದನ್ನು ನೋಡಿ ಬಹಳ ಕಾಲವಾಗಿತ್ತು.

ಇಬ್ಬರೂ ಮೇಲೆ ಹೋಗುವಷ್ಟರಲ್ಲಿ ಮತ್ತೆ ಮೋಡ ಕವಿದಿತ್ತು. ಮರುದಿನ ಸಂಜೆ ನಕ್ಷತ್ರ ವೀಕ್ಷಕರ ಸಂಘದ ಅಧ್ಯಕ್ಷರಾದ ನಿವೃತ್ತ ಮೇಷ್ಟ್ರು ಮಹಡಿ ಹತ್ತಿದರು. ಅವರು ಹೂಂ ಅಂದರೆ ಸುದ್ದಿ ಮುಂದೆ ಹೋಗುತ್ತದೆ, ಇಲ್ಲವಾದರೆ ಇಲ್ಲ. ಕರೆಯದಿದ್ದರೂ ಪಕ್ಕದ ಬೇಕರಿಯವನು ಹಿಂದೆಯೇ ಬಂದ. ಹೆಂಡತಿಯೂ ಬಂದು ನಿಂತಳು. ಮೇಷ್ಟ್ರು ಬಹಳ ಹೊತ್ತು ನೋಡಿದರು.

"ನಕ್ಷತ್ರ ಕಣಯ್ಯ."

"ಬಾಲ, ಸಾರ್?"

"ಯಾವ ಬಾಲ?"

ಅವನು ಬಗ್ಗಿ ನೋಡಿದ. ನಿನ್ನೆಗಿಂತ ಚೆನ್ನಾಗಿಯೇ ಇತ್ತು. "ಇಲ್ಲೇ ಇದೆಯಲ್ಲ ಸಾರ್, ಬಲಗಡೆಗೆ."

ಬೇಕರಿಯವನೂ ಇಣುಕಿದ. "ಅಣ್ಣಾ, ನನಗೆ ತಲೆ ಮಾತ್ರ ಕಾಣ್ತಿದೆ. ಬಾಲ ನೀವೇ ಇಟ್ಕೊಳ್ಳಿ."

ಮೇಷ್ಟ್ರು ದೂರದರ್ಶಕವನ್ನು ಬೇರೊಂದು ನಕ್ಷತ್ರಕ್ಕೆ ತಿರುಗಿಸಿದರು. "ಇದಕ್ಕೂ ಇದೆಯಾ ನೋಡು." ಇತ್ತು. ಇನ್ನೊಂದಕ್ಕೆ ತಿರುಗಿಸಿದರು. ಅದಕ್ಕೂ ಇತ್ತು, ಅದೇ ಬಲಗಡೆಗೆ. ಆಕಾಶಕ್ಕೆ ಆಕಾಶವೇ ಬಾಲ ಬಿಚ್ಚಿ ನಿಂತಿತ್ತು.

"ಲೆನ್ಸು ಕೊಳೆಯಾಗಿರ್ಬೇಕು ಸಾರ್."

"ನಾನು ನೋಡಿದ್ದೂ ಅದೇ ಲೆನ್ಸಲ್ಲಿ ಅಲ್ವೇನಯ್ಯ? ಎಡಗಣ್ಣಲ್ಲಿ ನೋಡು."

ಎಡಗಣ್ಣಲ್ಲಿ ನೋಡಿದ. ನಕ್ಷತ್ರ ಬೋಳುಬೋಳಾಗಿ ನಿಂತಿತ್ತು. ಇಂಗು ತಿಂದ ಮಂಗ ಹೇಗಿರುತ್ತದೆಂದು ಅವನಿಗೆ ಆಗ ಚೆನ್ನಾಗಿ ತಿಳಿಯಿತು.

"ಹೋಗ್ಲಿ ಬಿಡಿ ಸಾರ್," ಎಂದ. "ಧೂಮಕೇತು ನನ್ನ ಕಣ್ಣಲ್ಲೇ ಇದೆ ಅಂದ್ರೆ ಹೆಸರು ನಂದೇ ಇಡ್ಬೇಕು, ಬೇರೆ ಯಾರೂ ಪಾಲು ಕೇಳೋ ಹಾಗಿಲ್ಲ." ಮೇಷ್ಟ್ರು ನಕ್ಕರು. ಬೇಕರಿಯವನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿ ನಗಲಿಲ್ಲ.

ಅವರು ಹೋದಮೇಲೆ ಅವಳು ಅವನನ್ನು ಕೆಳಗಿನ ಅಂಗಡಿಗೆ ಕರೆದುಕೊಂಡು ಹೋಗಿ ದೀಪ ಹಾಕಿದಳು.

"ಕಣ್ಣು ಯಾವಾಗ ಪರೀಕ್ಷೆ ಮಾಡ್ಕೊಂಡ್ರಿ?"

"ಆಗಾಗ ಮಾಡ್ಕೋತೀನಲ್ಲ. ಈ ಬೋರ್ಡಲ್ಲೇ. ಕೊನೇ ಸಾಲಿನವರೆಗೂ ಓದ್ತೀನಿ."

"ಆ ಬೋರ್ಡು ನಿಮಗೆ ಬಾಯಿಪಾಠ ಅಲ್ವೇನ್ರೀ?"

ಅವನು ಬೋರ್ಡಿನ ಕಡೆ ತಿರುಗಿದ. ಬೆಳಗಾದರೆ ಗಿರಾಕಿಗಳಿಂದ ಓದಿಸಿ ಓದಿಸಿ ಆ ಅಕ್ಷರಗಳನ್ನು ನಿದ್ದೆಯಲ್ಲೂ ಹೇಳಬಲ್ಲವನಾಗಿದ್ದ. ಕಣ್ಣು ಮುಚ್ಚಿಕೊಂಡೂ ಪಾಸಾಗುವ ಪರೀಕ್ಷೆಯಲ್ಲಿ ತನಗೆ ತಾನೇ ಪೂರ್ತಿ ಅಂಕ ಕೊಟ್ಟುಕೊಂಡಿದ್ದ ಮಹಾನುಭಾವ! ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಬೀದಿಗೆಲ್ಲ ಹೇಳಿ ನಗುತ್ತಿದ್ದ.

ಅವಳು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಏನೇನೋ ಅಕ್ಷರ ಬರೆದು ಗೋಡೆಗೆ ತೂಗುಹಾಕಿದಳು. ಅವನು ಎಡಗಣ್ಣಿಗೆ ಅಂಗೈ ಅಡ್ಡ ಹಿಡಿದ. ಮೊದಲ ಸಾಲು ಓದಿದ. ಎರಡನೆಯದಕ್ಕೆ ತಡವರಿಸಿದ.

"ಅಂದಾಜು ಬೇಡ. ಕಂಡಿದ್ದು ಹೇಳಿ."

"ಕಾಣ್ತಿಲ್ಲ," ಎಂದ. ದಿನವೂ ಗಿರಾಕಿಗಳ ಬಾಯಲ್ಲಿ ಕೇಳುವ ಮಾತು ಈಗ ತನ್ನ ಬಾಯಿಂದಲೇ ಬಂದಿತ್ತು. ಅವಳು ಕೆಣಕಲೆಂದು ಕಾದ. "ಏನಾದ್ರೂ ಅನ್ನು ಮಾರಾಯ್ತಿ," ಎಂದ.

ಅವಳು ಬಂದು ದೀಪದ ಕೆಳಗೆ, ಅವನೆದುರು ನಿಂತಳು. "ನಾನು ಕಾಣ್ತೀನಾ?"

"ಕಾಣ್ತೀಯ. ಕಿವಿಯೋಲೆಗೆ ಬಾಲ ಬಂದಿದೆ."

ಅವಳು ಅವನ ಕಣ್ಣಿಂದ ಅಂಗೈ ಸರಿಸಿ ತನ್ನ ಕೈಯಲ್ಲಿ ಹಿಡಿದುಕೊಂಡಳು. "ಬೆಳಿಗ್ಗೆ ಡಾಕ್ಟರಿಗೆ ತೋರಿಸೋಣ. ಅಂಗಡಿ ಬಾಗಿಲು ತೆಗೆಯೋದು ಬೇಡ."

"ಭಯ ಆಗ್ತಿದೆ ಕಣೇ."

"ನನಗೂ," ಎಂದಳು ಅವಳು. ಕೈ ಬಿಡಲಿಲ್ಲ.