ಗಾಳಕ್ಕೆ ಕಟ್ಟಿದ ಲಂಗ

ನಾನು ದರ್ಜಿ. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಹೆಂಗಸರಿಗೆ ಲಂಗ ಹೊಲಿಯುವುದು ನಾನಾಗಿ ಕಲಿತ ಕೆಲಸ. ಗಾಳಕ್ಕೆ ಲಂಗ ಕಟ್ಟುವುದು ಮಾವ ತಲೆಗೆ ಕಟ್ಟಿದ ಕೆಲಸ. ನಗಬೇಡಿ, ಗಾಳಕ್ಕೂ ಲಂಗವಿದೆ. ಕೊಕ್ಕೆಯ ಕುತ್ತಿಗೆಗೆ ಕಡಲೆಕಾಳಿನಷ್ಟು ಸೀಸದ ತಲೆ ಎರಕ ಹೊಯ್ದು, ಅದರ ಕೆಳಗೆ ರಬ್ಬರಿನ ಸಣ್ಣ ಎಳೆಗಳನ್ನು ಸುತ್ತಲೂ ಹರಡಿ ತಂತಿಯಿಂದ ಬಿಗಿದರೆ ಅದು ಜಿಗ್. ನೀರಿನಲ್ಲಿ ಎಳೆದಾಗ ಎಳೆಗಳು ಅರಳಿ ಮುಚ್ಚುತ್ತವೆ, ಮೀನು ಅದನ್ನು ಸಿಗಡಿ ಎಂದುಕೊಂಡು ಬಾಯಿ ಹಾಕುತ್ತದೆ. ಆ ಎಳೆಗಳ ಗೊಂಚಲೇ ಲಂಗ.

ಮಾವ ನಲವತ್ತು ವರ್ಷ ಸುಟ್ಟ ಮೋಟಾರುಗಳಿಗೆ ಹೊಸ ಕಾಯಿಲ್ ಸುತ್ತಿದವರು. ತಾಮ್ರದ ತಂತಿ ಅವರ ಬೆರಳಿನ ಮಾತು ಕೇಳುತ್ತಿತ್ತು. ಎರಡು ವರ್ಷದ ಹಿಂದೆ ಬೆರಳು ಸ್ವಲ್ಪ ನಡುಗಲು ಶುರುವಾದಾಗ, "ಸೀಸ ಹೊಯ್ಯೋಕೆ ಎರಡು ಕೈ ಸೇರಿಸಿ ಹಿಡಿದ್ರೆ ಆಯ್ತು. ತಂತಿ ಸುತ್ತೋಕೆ ಬೆರಳು ಬೇಕು. ಇನ್ಮೇಲೆ ಅದು ನಿಂದು" ಎಂದು ನನ್ನ ಮೇಜಿನ ಮೇಲೆ ಡಬ್ಬಿ ಇಟ್ಟರು. ಜೊತೆಗೊಂದು ಪಾಠ: ನಾಲ್ಕು ಸುತ್ತು, ಮೂರು ತಿರುವು, ತುದಿ ಕತ್ತರಿಸಿ ಒಳಗೆ ಮಡಚು. ಆಮೇಲೆ ಎರಡು ಬೆರಳಲ್ಲಿ ಲಂಗ ಹಿಡಿದು ಎಳೆದು ನೋಡು. ಎಳೆದು ನೋಡದೆ ಒಂದನ್ನೂ ಡಬ್ಬಿಗೆ ಹಾಕಬೇಡ.

ಎರಡು ವರ್ಷ ಹಾಗೇ ಮಾಡಿದೆ. ಒಂದು ಸಲ ಮಾಡಲಿಲ್ಲ.

ಆ ವಾರ ಒಂದು ಹೋಟೆಲಿನ ಪರದೆಗಳು ನನ್ನ ತಲೆಯ ಮೇಲೆ ಕೂತಿದ್ದವು. ಮಾವ ಹನ್ನೆರಡು ಸೀಸದ ತಲೆಗಳಿಗೆ ಕೆಂಪು ಬಣ್ಣ ಬಳಿದು ಕೊಟ್ಟಿದ್ದರು. ತಂತಿಯ ಉರುಳೆ ಖಾಲಿ. ಮಂಚದ ಕೆಳಗೆ ಕೆಟ್ಟ ಟೇಬಲ್ ಫ್ಯಾನ್ ಇತ್ತು. ನಾಲ್ಕು ಸ್ಕ್ರೂ ಬಿಚ್ಚಿ ಅದರ ಕಾಯಿಲಿನಿಂದ ತಂತಿ ಎಳೆದುಕೊಳ್ಳಬೇಕಿತ್ತು, ಅಷ್ಟೆ. ಆದರೆ ಕೈಯಲ್ಲಿ ಕೆಂಪು ದಾರ ಇತ್ತು. ಇಪ್ಪತ್ತು ವರ್ಷದಲ್ಲಿ ನಾನು ಹಾಕಿದ ಹೊಲಿಗೆ ಒಂದೂ ಬಿಚ್ಚಿಲ್ಲ ಎಂಬ ಜಂಭವೂ ಇತ್ತು. ಹನ್ನೆರಡಕ್ಕೂ ದಾರ ಸುತ್ತಿ ಗಂಟು ಹಾಕಿದೆ. ತಂತಿಯಲ್ಲೇ ಕಟ್ಟಿದಂತೆ ಕಾಣಲಿ ಎಂದು ಉಳಿದಿದ್ದ ತುಂಡು ತಂತಿಗಳನ್ನು ಮೇಲೊಂದು ಸುತ್ತು ಸುತ್ತಿದೆ. ಒಂದನ್ನೂ ಎಳೆದು ನೋಡಲಿಲ್ಲ. ರಬ್ಬರು ಬಟ್ಟೆಯಲ್ಲ, ನೀರಲ್ಲಿ ಎಳೆದಾಡಿದರೆ ಅದು ದಾರದೊಳಗಿಂದ ಜಾರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಮಾವ ಹೇಳಿದ್ದರು.

ಮರುದಿನ ಅವರು ಗೆಳೆಯನ ಜೊತೆ ಕೆರೆಗೆ ಹೋದರು. ಗೆಳೆಯ ಅಂದರೆ ಬೀದಿಯ ಕೊನೆಯ ಕಟಿಂಗ್ ಶಾಪಿನವರು. ಮಾವ ಅವರನ್ನು ಕತ್ತರಿ ಎನ್ನುತ್ತಾರೆ, ಅವರು ಮಾವನನ್ನು ಕಾಯಿಲ್ ಎನ್ನುತ್ತಾರೆ. ಮಧ್ಯಾಹ್ನ ಬರಬೇಕಾದವರು ಹತ್ತು ಗಂಟೆಗೇ ಬಂದರು. ಮಾವ ಚಪ್ಪಲಿ ಬಿಟ್ಟು ಸೀದಾ ಒಳಗೆ ನಡೆದರು.

"ಮೂರು ಸಲ ಕಚ್ಚಿತಮ್ಮ, ದೊಡ್ಡದು" ಎಂದು ಕತ್ತರಿ ಬಾಗಿಲಲ್ಲೇ ನಿಂತು ಪಿಸುಗುಟ್ಟಿದರು. "ಮೂರು ಸಲವೂ ತಪ್ಪಿಸಿಕೊಂಡಿತು. ನಾನು ದೋಣಿಯ ಆ ತುದಿಯಲ್ಲಿದ್ದೆ. ಗಾಳ ಸರಿ ಇದೆಯಾ ನೋಡೋ ಅಂದೆ. ಕೇಳಬೇಕಲ್ಲ?"

ಒಳಗಿನಿಂದ ಮಾವನ ದನಿ ಬಂತು. "ಕುಣಿಯೋಕೆ ಬರದೋಳು ನೆಲ ಡೊಂಕು ಅಂದಳಂತೆ. ಗಾಳ ಕಟ್ಟಿದ್ದು ನನ್ನ ಸೊಸೆ. ಹೋಗಿದ್ದು ನನ್ನ ಕೈ."

ಮಾವ ಮಲಗಿದ ಮೇಲೆ ಗಾಳದ ಕಡ್ಡಿ ಎತ್ತಿಡಲು ಹೋದೆ. ಗಾಳದ ದಾರದ ತುದಿಯಲ್ಲಿ ಕೆಂಪು ಜಿಗ್ ಇನ್ನೂ ತೂಗುತ್ತಿತ್ತು. ಲಂಗ ಕುತ್ತಿಗೆಯಿಂದ ಜಾರಿ ಕೊಕ್ಕೆಯ ಬಾಗಿಗೆ ಇಳಿದು ಮುಳ್ಳನ್ನು ಪೂರ್ತಿ ಮುಚ್ಚಿಬಿಟ್ಟಿತ್ತು. ಮೀನು ಮೂರು ಸಲ ಕಚ್ಚಿದ್ದು ಬರೀ ರಬ್ಬರನ್ನು. ಓದುವ ಕನ್ನಡಕವನ್ನು ಮಾವ ದೋಣಿಗೆ ಒಯ್ಯುವುದಿಲ್ಲ. ಒಯ್ದಿದ್ದರೂ ನಾನು ಕಟ್ಟಿದ್ದನ್ನು ತಿರುಗಿಸಿ ನೋಡುತ್ತಿರಲಿಲ್ಲ.

ಆಗಲೇ ಎಬ್ಬಿಸಿ ತೋರಿಸಬೇಕಿತ್ತು. ನಾನು ಫ್ಯಾನ್ ಬಿಚ್ಚಿದೆ. ಹಿಂದಿನ ದಿನ ಬಿಚ್ಚಲು ಪುರಸೊತ್ತಿಲ್ಲದ ನಾಲ್ಕು ಸ್ಕ್ರೂ ಅರ್ಧ ನಿಮಿಷದಲ್ಲಿ ಬಿಚ್ಚಿದವು. ಮಾವ ಏಳುವಷ್ಟರಲ್ಲಿ ಹನ್ನೆರಡನ್ನೂ ತಾಮ್ರದ ತಂತಿಯಲ್ಲಿ ಮತ್ತೆ ಕಟ್ಟಿದೆ. ನಾಲ್ಕು ಸುತ್ತು, ಮೂರು ತಿರುವು, ತುದಿ ಒಳಗೆ. ಒಂದೊಂದನ್ನೂ ಎಳೆದು ನೋಡಿದೆ. ಕೆಂಪು ದಾರವನ್ನು ಒಲೆಗೆ ಹಾಕಿದೆ. ಆ ಹೊತ್ತಿಗೆ ತಪ್ಪು ತಿದ್ದುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಮುಚ್ಚಿಹಾಕುತ್ತಿದ್ದೇನೆ ಎಂದು ತಿಳಿಯಲು ಎರಡು ದಿನ ಬೇಕಾಯಿತು.

ಯಾಕೆಂದರೆ ಮಾವ ಕೆರೆಯನ್ನು ಬಿಟ್ಟು ಸುಮ್ಮನಾಗಲಿಲ್ಲ. ಒಂದೊಂದಾಗಿ ಎಲ್ಲವನ್ನೂ ಬಿಡತೊಡಗಿದರು. ಮೊದಲು ಶೇವಿಂಗ್. "ಬ್ಲೇಡ್ ಹಿಡಿಯೋಕೆ ಧೈರ್ಯ ಇಲ್ಲಮ್ಮ" ಎಂದು ಕತ್ತರಿಯನ್ನು ಮನೆಗೇ ಕರೆಸಿಕೊಂಡರು. ಆಮೇಲೆ ಟೀ ಅರ್ಧ ಲೋಟವೇ ಸಾಕೆಂದರು, ಚೆಲ್ಲುತ್ತದಂತೆ. ಅದಾದ ಮೇಲೆ ಅಂಗಿಯ ಗುಂಡಿ ಹಾಕಲು ನನ್ನನ್ನು ಕರೆದರು. ಕೈ ಮೊದಲಿನಷ್ಟೇ ನಡುಗುತ್ತಿತ್ತು, ಒಂದಿಷ್ಟೂ ಹೆಚ್ಚಿರಲಿಲ್ಲ. ನಂಬಿಕೆ ಹೋಗಿತ್ತು. ಅದನ್ನು ಕಿತ್ತುಕೊಂಡವಳು ನಾನು. ಅವರ ಎದೆಯ ಮೇಲಿನ ಗುಂಡಿಗಳನ್ನು ಕೊನೆಯವರೆಗೂ ಒಂದೊಂದಾಗಿ ಹಾಕಿದೆ.

"ಯಾರ ಕಣ್ಣು ಬಿತ್ತೋ ನಿನ್ನ ಕೈ ಮೇಲೆ" ಎಂದು ಕತ್ತರಿ ಮಾವನ ಕೆನ್ನೆಗೆ ಸೋಪಿನ ನೊರೆ ಹಚ್ಚುತ್ತ ಒಂದು ದಿನ ಅಂದರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ನಾನು ಬೆರಳಿಗೆ ಸೂಜಿ ಚುಚ್ಚಿಕೊಂಡೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಹೀಗೇ ಇರಬೇಕು. ಗಂಡನಿಗಾದರೂ ಹೇಳೋಣವೆಂದರೆ ಲಾರಿಯ ಜೊತೆ ಹೋದವರು ತಿಂಗಳಾದರೂ ಬಂದಿರಲಿಲ್ಲ.

ಕೊನೆಗೆ ಮಾವ ತೀರ್ಮಾನ ಹೇಳಿದರು. ಭಾನುವಾರ ಕತ್ತರಿ ಬಂದು ಕಡ್ಡಿ, ಎರಕದ ಅಚ್ಚು, ಜಿಗ್ ಡಬ್ಬಿ ಎಲ್ಲವನ್ನೂ ತೆಗೆದುಕೊಂಡು ಹೋಗಬೇಕು. ಕಣ್ಣೆದುರಿಗೆ ಇರುವುದು ಬೇಡ.

ಭಾನುವಾರ ಬೆಳಿಗ್ಗೆ ನಾನು ಅವರ ಮುಂದೆ ನೆಲದ ಮೇಲೆ ಕೂತೆ.

"ಮಾವ, ನಿಮ್ಮ ಕೈ ಸರಿಯಾಗಿದೆ. ತಪ್ಪು ನಂದು. ಆ ಹನ್ನೆರಡನ್ನೂ ನಾನು ದಾರದಲ್ಲಿ ಕಟ್ಟಿದ್ದೆ. ಲಂಗ ಜಾರಿ ಮುಳ್ಳು ಮುಚ್ಚಿಕೊಂಡಿತ್ತು. ನಾನೇ ನೋಡಿದೆ."

ಅವರು ಡಬ್ಬಿ ತೆರೆದು ಒಂದು ಜಿಗ್ ಎತ್ತಿ, ಕನ್ನಡಕ ಹಾಕಿಕೊಂಡು ಕಿಟಕಿಯ ಬೆಳಕಿಗೆ ಹಿಡಿದರು.

"ಎಲ್ಲಮ್ಮ ದಾರ? ತಂತಿ ಇದೆ. ನಾಲ್ಕು ಸುತ್ತು."

"ನೀವು ಮಲಗಿದ್ದಾಗ ಬಿಚ್ಚಿ ಮತ್ತೆ ಕಟ್ಟಿದೆ. ಬೈತೀರಿ ಅಂತ. ಬೇಕಾದ್ರೆ ಮಂಚದ ಕೆಳಗಿರೋ ಫ್ಯಾನ್ ನೋಡಿ, ಅದರ ತಂತಿ ತೆಗೆದಿದ್ದೀನಿ."

"ಫ್ಯಾನಿಂದ ತಂತಿ ತೆಗೆದೆ ಅಂದ್ರೆ ತಂತೀಲೇ ಕಟ್ಟಿದ್ದೀಯ ಅಂತ ಆಯ್ತಲ್ಲ" ಎಂದು ನಕ್ಕರು. ಎಷ್ಟೋ ದಿನದ ಮೇಲೆ ನಕ್ಕಿದ್ದರು.

"ಸುಳ್ಳಲ್ಲ ಮಾವ. ನನ್ನಾಣೆ."

"ಆಣೆಗೀಣೆ ಬೇಡ ಮಗಳೇ. ಮುದುಕನಿಗೆ ಬೇಜಾರಾಗಬಾರದು ಅಂತ ತಪ್ಪು ಮೈಮೇಲೆ ಹಾಕ್ಕೊಳ್ತಿದ್ದೀಯ. ಹೊಟ್ಟೇಲಿ ಹುಟ್ಟಿದ ಮಗನಿಗೂ ಇಷ್ಟು ಕರುಳು ಇಲ್ಲ." ಅವರ ಕಣ್ಣು ಒದ್ದೆಯಾಗಿತ್ತು. ನಡುಗುವ ಕೈಯನ್ನು ನನ್ನ ತಲೆಯ ಮೇಲೆ ಇಟ್ಟರು.

ಬೈದಿದ್ದರೆ, ಎರಡೇಟು ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ದಾರದಲ್ಲಿ ಈಗಲೇ ಒಂದನ್ನು ಕಟ್ಟಿ ತೋರಿಸುತ್ತೇನೆ ಎಂದೆ. "ಬೇಕಂತಲೇ ಸಡಿಲ ಕಟ್ಟಿ ತೋರಿಸ್ತೀಯ, ನನಗೆ ಗೊತ್ತಿಲ್ವಾ" ಎಂದರು. ಇದ್ದ ಸಾಕ್ಷಿಯನ್ನು ನಾನೇ ಒಲೆಗೆ ಹಾಕಿದ್ದೆ.

ಕತ್ತರಿ ಬಂದರು. ಮಾವ ಕಡ್ಡಿ ಕೊಟ್ಟರು, ಹಳೆಯ ಬಟ್ಟೆಯಲ್ಲಿ ಸುತ್ತಿದ ಅಚ್ಚು ಕೊಟ್ಟರು. ಡಬ್ಬಿಯನ್ನು ಮಾತ್ರ ತಮ್ಮ ಕೈಯಲ್ಲೇ ಹಿಡಿದು ತೆರೆದು ತೋರಿಸಿದರು.

"ಇಲ್ಲಿ ನೋಡೋ ಕತ್ತರಿ. ನನ್ನ ಸೊಸೆ ಕಟ್ಟಿದ್ದು. ಒಂದಾದ್ರೂ ಸಡಿಲ ಇದ್ರೆ ಹೇಳು. ಎಳೆದು ನೋಡು."

ಕತ್ತರಿ ಒಂದೊಂದನ್ನೇ ಎತ್ತಿ, ಎರಡು ಬೆರಳಲ್ಲಿ ಲಂಗ ಹಿಡಿದು ಎಳೆಯತೊಡಗಿದರು. ನಾನು ಬಾಗಿಲ ಪಕ್ಕ ನಿಂತು, ಒಂದಾದರೂ ಜಾರಲಿ, ಒಂದೇ ಒಂದು ಜಾರಲಿ ಎಂದು ಬೇಡಿಕೊಳ್ಳುತ್ತಿದ್ದೆ. ಹನ್ನೆರಡೂ ಗಟ್ಟಿಯಾಗಿದ್ದವು.