ಉಪ್ಪನ ಹಿಂದಿನ ಸಾಲು

“ಆ ಕುರ್ಚಿ ಆಚೆ ಒಯ್ಯಿ ಅಂದ್ನಲ್ಲ, ಕಿವಿ ಕೇಳಲ್ವಾ?”

ಸಂಜೆಯ ಅಸರ್ ನಮಾಜಿನ ಬಾಂಗು ಮುಗಿದಿತ್ತು. ಉಪ್ಪ ಗೋಡೆ ಹಿಡಿದು ನಿಂತಿದ್ದರು. ಕುರ್ಚಿಯ ಬೆನ್ನು ಹಿಡಿದಿದ್ದ ಮಗಳು ರುಖಿಯಾ ಅಲುಗಲಿಲ್ಲ.

ಪೊನ್ನಾನಿ ಬಂದರಿನಲ್ಲಿ ಮೀನು ಹರಾಜು ಕೂಗಿ ಮನೆ ನಡೆಸಿದ ಬೀರಾನ್ ಕುಟ್ಟಿ ಬಚ್ಚಲಲ್ಲಿ ಜಾರಿಬಿದ್ದದ್ದು ಕಳೆದ ಮಳೆಗಾಲದಲ್ಲಿ. ಮೂಳೆಗೆ ಏನೂ ಆಗಿರಲಿಲ್ಲ. ಆದದ್ದೆಲ್ಲ ಮಗಳ ಎದೆಗೆ. ಅಂದಿನಿಂದ ಕೈಕಾಲು ತೊಳೆಯುವ ನೀರು ಹಾಸಿಗೆಗೇ ಬಂತು, ನಮಾಜು ಪ್ಲಾಸ್ಟಿಕ್ ಕುರ್ಚಿಗೆ ಏರಿತು. ಅವರು ಮಿಸುಕಿದರೆ ಸಾಕು, ಅವಳ ಕೈ ಅವರ ಕಂಕುಳಲ್ಲಿ. ಮಗಳೆಂದರೆ ಹೀಗಿರಬೇಕು ಎಂದು ಕೇರಿಯೆಲ್ಲ ಹೊಗಳಿತು. ಅಷ್ಟರಲ್ಲಿ ಉಪ್ಪನ ತೊಡೆ ಸೊರಗಿಹೋಗಿತ್ತು. ನಿನ್ನೆ ಮನೆಗೆ ಬಂದ ನರ್ಸ್ ಕಾಲು ಒತ್ತಿ ನೋಡಿ, “ಹೀಗೇ ಎತ್ತಿ ಎತ್ತಿ ಕೂರಿಸ್ತಾ ಇದ್ರೆ ಇನ್ನು ಹಾಸಿಗೇನೇ ಗತಿ” ಅಂದಿದ್ದಳು. ರುಖಿಯಾ ಅವಳಿಗೆ ಚಹಾ ಕೊಡುವುದನ್ನೂ ಮರೆತಿದ್ದಳು.

“ನೆಲದ ಮೇಲೆ ನಮಾಜಾ? ಕೆಳಗೆ ಹೋದವರು ಏಳೋಕಾಗದಿದ್ರೆ?”

“ಅಲ್ಲೇ ಹರಾಜು ಹಾಕು. ಹಳೇ ಮೀನು, ಯಾರೂ ಕೂಗಲ್ಲ.”

“ತಮಾಷೆ ಬೇಡ ಉಪ್ಪಾ. ನಾನು ಪಕ್ಕದಲ್ಲೇ ಇರ್ತೀನಿ.”

“ಪಕ್ಕದಲ್ಲಿ ಬೇಡ ಮಗಳೇ. ನಿನ್ನ ಕೈ ಸುಮ್ಮನಿರಲ್ಲ, ನಂಗೊತ್ತು. ಹಿಂದೆ ಚಾಪೆ ಹಾಸಿ ನೀನೂ ನಮಾಜಿಗೆ ನಿಲ್ಲು.”

ಮುದುಕನ ಹಂಚಿಕೆ ಅವಳಿಗೆ ತಿಳಿಯಿತು. ನಮಾಜಿಗೆ ನಿಂತವಳು, ಅವರು ನಿಜಕ್ಕೂ ಬಿದ್ದರೆ ನಮಾಜು ಬಿಟ್ಟು ಓಡಿಬರಬಹುದು. ಬಿದ್ದಾರೆಂಬ ಭಯಕ್ಕೆ ಕೈ ಚಾಚುವಂತಿಲ್ಲ. ಮುಂದೆ ನಿಂತು ನಮಾಜು ನಡೆಸುವವರು ಏಳುವ ಮೊದಲು ತಲೆ ಎತ್ತುವಂತೆಯೂ ಇಲ್ಲ. ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಚಾಪೆ ಹಾಸಿದಳು.

ಉಪ್ಪ ಕೈಕಟ್ಟಿದರು, ಬಾಗಿದರು. ಆಮೇಲೆ ಗೋಡೆಗೆ ಕೈಕೊಟ್ಟು ಒಂದು ಮಂಡಿ ಇಳಿಸಿದರು, ತಡೆದು ಇನ್ನೊಂದು. ಅವರ ಹಿಂದೆಯೇ ಅವಳೂ ಹಣೆಯೂರಿದಳು. ಒಮ್ಮೆ ಕೂತು, ಮತ್ತೊಮ್ಮೆ ಹಣೆಯೂರಿದ್ದಾಯಿತು. ಇನ್ನು ಏಳಬೇಕು.

ಚಾಪೆಯ ಹೆಣಿಗೆ ಬಿಟ್ಟರೆ ಏನೂ ಕಾಣದು. ಮುಂದಿನಿಂದ ಏದುಸಿರು. ಅಂಗೈ ನೆಲಕ್ಕೆ ಉಜ್ಜಿದ ಸದ್ದು. ಜಾರಿತೇ? ಮತ್ತೆ ಸದ್ದಿಲ್ಲ. ಅವಳು ಎರಡೂ ಅಂಗೈಗಳನ್ನು ಚಾಪೆಗೆ ಒತ್ತಿ ಹಿಡಿದಳು. ಹೇಳಬೇಕಾದ ಪ್ರಾರ್ಥನೆಯೆಲ್ಲ ಮರೆತುಹೋಗಿ, ಏಳಿ ಉಪ್ಪಾ, ಏಳಿ, ಎಂಬುದೊಂದೇ ಉಳಿಯಿತು.

ಮಂಡಿ ಲಟಕ್ಕೆಂದಿತು.

“ಅಲ್ಲಾಹು...”

ದನಿ ನೆಲದ ಹತ್ತಿರವೇ ಸಿಕ್ಕಿಕೊಂಡಿತು. ಆಮೇಲೆ ನಡುಗುತ್ತ, ತಡೆಯುತ್ತ, ಮೇಲಕ್ಕೆ ಮೇಲಕ್ಕೆ ಹೋಯಿತು.

“...ಅಕ್ಬರ್.”

ರುಖಿಯಾ ತಲೆ ಎತ್ತಿದಳು. ಕಣ್ಣೆದುರಿಗೆ ಉಪ್ಪನ ಬಿರುಕುಬಿಟ್ಟ ಎರಡು ಹಿಮ್ಮಡಿಗಳು ನೆಲಕ್ಕೆ ಊರಿ ನಿಂತಿದ್ದವು.